ಮೊದಲೇ ಇದ್ದ ಕಾಯಿಲೆಯ ಚರಿತ್ರೆ

ನಮ್ಮ ಮೇಲಿನ ಮನೆಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವರು. ಪದ್ಮನಾಭನಗರಕ್ಕೆ ಇಂಥವರು ಹೊಸಬರೇನಲ್ಲ ಬಿಡಿ. ಬೆಳಿಗ್ಗೆ ಆರು ಗಂಟೆಗೆ ದೇವೇಗೌಡ ಪೆಟ್ರೋಲ್ ಬಂಕ್ ಕಡೆ ಒಂದು ಸುತ್ತು ಹೋಗಿ ಬನ್ನಿ, ಮಂಕಿ ಟೋಪಿ ಹಾಕಿಕೊಂಡು ನಡೆಯುವವರಲ್ಲಿ ಮುಕ್ಕಾಲು ಪಾಲು ಪೆನ್ಷನ್ನಿನವರೇ. ಅವರ ಮಾತು ಕೇಳಿಸಿಕೊಂಡರೆ ಮೂರೇ ವಿಷಯ: ಅಮೆರಿಕದ ಮೊಮ್ಮಕ್ಕಳು, ಮಂಡಿ ನೋವು, ಮತ್ತು ಇನ್ಶೂರೆನ್ಸ್.

ಮೇಷ್ಟ್ರಿಗೆ 2025ರಲ್ಲಿ ಎದೆ ನೋವು ಬಂತು. ಆಸ್ಪತ್ರೆಗೆ ಸೇರಿಸಿದರು, ಸ್ಟೆಂಟ್ ಹಾಕಿದರು, ನಾಲ್ಕನೇ ದಿನ ಮನೆಗೆ ಬಂದರು. ಅವರ ಹತ್ತಿರ 2019ರಿಂದ ಒಂದು ದಿನವೂ ತಪ್ಪದೆ ನವೀಕರಿಸಿಕೊಂಡು ಬಂದ ಪಾಲಿಸಿ ಇತ್ತು. ಆದರೂ ಕ್ಯಾಶ್‌ಲೆಸ್ ಸಿಗಲಿಲ್ಲ. ಬ್ಯಾಂಕಿನ ಠೇವಣಿ ಮುರಿದು ಬಿಲ್ಲು ಕಟ್ಟಿ ಆಮೇಲೆ ಕ್ಲೇಮು ಹಾಕಿದರು. ಅದಕ್ಕೆ ಬಂದದ್ದು ಮೂರು ಸಾಲಿನ ಕಾಗದ. ಪಾಲಿಸಿ ತೆಗೆದುಕೊಳ್ಳುವ ಮೊದಲೇ ಇದ್ದ ಸಕ್ಕರೆ ಕಾಯಿಲೆಯನ್ನು ನೀವು ಮುಚ್ಚಿಟ್ಟಿದ್ದೀರಿ, ಆದ್ದರಿಂದ ಹಣ ಕೊಡಲಾಗುವುದಿಲ್ಲ.

ಕಂಪನಿಗೆ ಇದು ಗೊತ್ತಾದದ್ದು ಹೇಗೆ? ಅಡ್ಮಿಟ್ ಮಾಡುವಾಗ ಡ್ಯೂಟಿ ಡಾಕ್ಟರು ಶುಗರ್ ಎಷ್ಟು ವರ್ಷದಿಂದ ಇದೆ ಎಂದು ಕೇಳಿದ್ದಾರೆ. ಮೇಷ್ಟ್ರು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಗಾಬರಿಯಲ್ಲಿದ್ದ ಅವರ ಮನೆಯವರು "ಒಂದು ಹತ್ತು ವರ್ಷ ಆಯ್ತೇನೋಪ್ಪ" ಅಂದಿದ್ದಾರೆ. ಕೇಸ್ ಶೀಟಿನಲ್ಲಿ ಹತ್ತು ವರ್ಷ ಅಂತ ಬಿತ್ತು. ಅಲ್ಲಿಗೆ ಮುಗಿಯಿತು.

"ನೋಡಯ್ಯಾ, ಮೂವತ್ತು ವರ್ಷ ಹುಡುಗರಿಗೆ ಸುಳ್ಳು ಹೇಳಬೇಡಿ ಅಂತ ಹೇಳಿದೋನು ನಾನು. ನನ್ನ ಕೈಗೆ ಈ ಕಾಗದ ಬಂತು" ಅಂತ ಮೇಷ್ಟ್ರು ಅದನ್ನು ನನ್ನ ಮುಂದೆ ಇಟ್ಟರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ನಿಧಾನಕ್ಕೆ ಇನ್ನೊಂದು ಮಾತು ಹೇಳಿದರು. ಪಾಲಿಸಿ ಮಾಡಿಸುವಾಗ ಏಜೆಂಟನಿಗೆ "ಸ್ವಲ್ಪ ಶುಗರ್ ಇದೆಯಪ್ಪ" ಅಂದಿದ್ದರಂತೆ. ಅವನು "ಅದೆಲ್ಲ ಬರೆದರೆ ಪ್ರೀಮಿಯಂ ಜಾಸ್ತಿ ಆಗತ್ತೆ ಸಾರ್, ನೀವು ಇಲ್ಲಿ ಸೈನ್ ಹಾಕಿ, ಮಿಕ್ಕಿದ್ದು ನಾನು ನೋಡ್ಕೋತೀನಿ" ಅಂದನಂತೆ. ಮೇಷ್ಟ್ರು ಸೈನ್ ಹಾಕಿದರು. ಅವನು ಎಲ್ಲ ಪ್ರಶ್ನೆಗೂ 'ಇಲ್ಲ' ಅಂತ ಗುರುತು ಹಾಕಿದ.

ಹಾಗಾದರೆ ಸುಳ್ಳು ಯಾರದ್ದು? ಈ ಪ್ರಶ್ನೆ ತಲೆಯಲ್ಲಿ ಕೊರೆಯತೊಡಗಿತು. ಈ 'ಮೊದಲೇ ಇದ್ದ ಕಾಯಿಲೆ' ಅನ್ನುವ ಮಾತು ನಮ್ಮ ಊರಿಗೆ ಎಲ್ಲಿಂದ ಬಂತು, ಯಾವಾಗ ಬಂತು ಎಂದು ಹುಡುಕುತ್ತಾ ಹೋದೆ. ಸಿಕ್ಕಿದ್ದು ಇಷ್ಟುದ್ದದ ಕಥೆ. ಸ್ವಲ್ಪ ತಾಳ್ಮೆಯಿಂದ ಓದಿ.

ಕಥೆ ಶುರುವಾಗುವುದು ಆಸ್ಪತ್ರೆಯಲ್ಲಲ್ಲ, ಸುಮಾತ್ರಾ ದ್ವೀಪದ ಒಂದು ಕೋಟೆಯಲ್ಲಿ! ಅಲ್ಲಿನ ಬೆಂಕೂಲೆನ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಫೋರ್ಟ್ ಮಾರ್ಲ್‌ಬರೋ ಎಂಬ ಕೋಟೆ ಇತ್ತು. ಅದರ ಗವರ್ನರ್ ಜಾರ್ಜ್ ಕಾರ್ಟರ್ ಎಂಬಾತ, ಯೂರೋಪಿನ ಶತ್ರುಗಳು ಕೋಟೆ ಹಿಡಿದರೆ ಆಗುವ ನಷ್ಟಕ್ಕೆ ಲಂಡನ್ನಿನಲ್ಲಿ ವಿಮೆ ಮಾಡಿಸಿದ. 1760ರಲ್ಲಿ ಫ್ರೆಂಚರು ಬಂದು ಕೋಟೆ ಹಿಡಿದೇಬಿಟ್ಟರು. ವಿಮೆ ಕೊಟ್ಟ ಬೋಮ್ ಎಂಬಾತ ದುಡ್ಡು ಕೊಡಲು ಒಪ್ಪಲಿಲ್ಲ. 'ಕೋಟೆ ದುರ್ಬಲವಾಗಿತ್ತು, ದಾಳಿಯ ಭಯ ಇತ್ತು, ಇದನ್ನೆಲ್ಲ ನನಗೆ ಹೇಳದೆ ಮುಚ್ಚಿಟ್ಟರು' ಎಂದು ಅವನ ತಕರಾರು. ಅಂದರೆ ಕೋಟೆಗೆ ಮೊದಲೇ ಕಾಯಿಲೆ ಇತ್ತು ಅಂತ!

1766ರಲ್ಲಿ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಕೊಟ್ಟ ತೀರ್ಪು ಇವತ್ತಿಗೂ ಜಗತ್ತಿನ ವಿಮಾ ಕಾನೂನಿನ ಬುನಾದಿ. ವಿಮೆ ಎನ್ನುವುದು ಪೂರ್ಣ ನಂಬಿಕೆಯ ಮೇಲೆ ನಿಂತ ಕರಾರು, ಗೊತ್ತಿರುವುದನ್ನು ಮುಚ್ಚಿಡಬಾರದು ಎಂಬ ಮಾತನ್ನು ಎಲ್ಲ ವಕೀಲರೂ ಇದೇ ತೀರ್ಪಿನಿಂದ ಎತ್ತಿ ಹೇಳುತ್ತಾರೆ. ಆದರೆ ಆ ಮೊಕದ್ದಮೆಯಲ್ಲಿ ಗೆದ್ದದ್ದು ಯಾರು ಗೊತ್ತೇ? ಕಾರ್ಟರ್! ನಂಬಿಕೆ ಎರಡೂ ಕಡೆಯವರನ್ನು ಕಟ್ಟಿಹಾಕುತ್ತದೆ, ವಿಮೆ ಕೊಡುವವನು ಕೇಳಿ ತಿಳಿದುಕೊಳ್ಳಬಹುದಾದ್ದನ್ನು ಕೇಳದೆ ಪ್ರೀಮಿಯಂ ತೆಗೆದುಕೊಂಡು ಆಮೇಲೆ ನನಗೆ ಹೇಳಲಿಲ್ಲ ಎನ್ನುವ ಹಾಗಿಲ್ಲ ಎನ್ನುವುದು ಆ ತೀರ್ಪಿನ ಇನ್ನರ್ಧ. ಮುಂದಿನ ಇನ್ನೂರೈವತ್ತು ವರ್ಷ ಮೊದಲ ಅರ್ಧ ಎಲ್ಲರ ಬಾಯಲ್ಲೂ ಉಳಿಯಿತು, ಎರಡನೇ ಅರ್ಧ ಮರೆತುಹೋಯಿತು. ಪೂರ್ತಿ ಚರಿತ್ರೆಯನ್ನು ಒಂದು ಸಾಲಿನಲ್ಲಿ ಹೇಳು ಅಂದರೆ ನಾನು ಇದನ್ನೇ ಹೇಳುತ್ತೇನೆ.

ಇನ್ನು ನಮ್ಮೂರಿಗೆ ಬರೋಣ. ಮೈಸೂರು ಸಂಸ್ಥಾನಕ್ಕೆ ವಿಮೆ ಹೊಸದಲ್ಲ. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1891ರಲ್ಲೇ, ಸರ್ಕಾರಿ ನೌಕರರಿಗೆ ಜೀವ ವಿಮೆ ಶುರುವಾಗಿತ್ತು. ಇವತ್ತಿನ ಕೆಜಿಐಡಿಯ ಮೂಲ ಅದೇ. ಆದರೆ ಅದು ಸತ್ತ ಮೇಲಿನ ಮಾತು. ಬದುಕಿದ್ದಾಗ ಬರುವ ಆಸ್ಪತ್ರೆ ಖರ್ಚಿಗೆ ಮೊದಲು ದಾರಿ ಮಾಡಿದ್ದು 1948ರ ಇಎಸ್‌ಐ ಕಾಯ್ದೆ. ಬೆಂಗಳೂರಿಗೆ ಅದು ಬಂದದ್ದು 1958ರಲ್ಲಿ. ಅದೇ ಹೊತ್ತಿಗೆ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಎಂದು ಸಾಲಾಗಿ ದೊಡ್ಡ ಸರ್ಕಾರಿ ಕಾರ್ಖಾನೆಗಳು ಎದ್ದವು. ಅವುಗಳ ನೌಕರರ ಕಾಯಿಲೆ ಕಸಾಲೆಯನ್ನು ಕಾರ್ಖಾನೆಗಳೇ ನೋಡಿಕೊಳ್ಳುತ್ತಿದ್ದವು.

ಇಲ್ಲೊಂದು ವಿಷಯ ಗಮನಿಸಬೇಕು. ಇಎಸ್‌ಐ ಆಸ್ಪತ್ರೆಯಲ್ಲಾಗಲಿ ಕಾರ್ಖಾನೆಯ ಆಸ್ಪತ್ರೆಯಲ್ಲಾಗಲಿ 'ನಿಮಗೆ ಈ ಕಾಯಿಲೆ ಕೆಲಸಕ್ಕೆ ಸೇರುವ ಮೊದಲೇ ಇತ್ತಾ?' ಅಂತ ಕೇಳಿ ಯಾರನ್ನೂ ವಾಪಸ್ ಕಳಿಸುತ್ತಿರಲಿಲ್ಲ. ಕೆಲಸಕ್ಕೆ ಸೇರಿದವರೆಲ್ಲ ಒಳಗಿದ್ದರು. ಗಟ್ಟಿಮುಟ್ಟಾದವರೂ ಇದ್ದರು, ಕೆಮ್ಮುವವರೂ ಇದ್ದರು. ಎಲ್ಲರ ಸಂಬಳದಿಂದಲೂ ಹಣ ಹೋಗುತ್ತಿತ್ತು, ಬೇಕಾದವರಿಗೆ ಔಷಧಿ ಸಿಗುತ್ತಿತ್ತು. ಲೆಕ್ಕ ಸರಿಹೋಗುತ್ತಿತ್ತು.

ನಿವೃತ್ತರಾದ ಮೇಲೆ ಏನು? ಅಂಗಡಿ ಇಟ್ಟುಕೊಂಡವರಿಗೆ, ಖಾಸಗಿ ಶಾಲೆಯ ಮೇಷ್ಟ್ರಿಗೆ ಏನು? ಅದಕ್ಕೆ ಉತ್ತರ ಬರಲು 1986ರ ತನಕ ಕಾಯಬೇಕಾಯಿತು. 1972ರ ಕಾಯ್ದೆಯಿಂದ ದೇಶದ 107 ಸಾಮಾನ್ಯ ವಿಮಾ ಕಂಪನಿಗಳನ್ನು ರಾಷ್ಟ್ರೀಕರಿಸಿ, 1973ರ ಜನವರಿ 1ರಿಂದ ಜಿಐಸಿಯ ಕೆಳಗೆ ನಾಲ್ಕು ಕಂಪನಿಗಳನ್ನಾಗಿ ಮಾಡಿದ್ದರು. ಆ ನಾಲ್ಕೂ ಸೇರಿ 1986ರಲ್ಲಿ ತಂದದ್ದೇ ಮೆಡಿಕ್ಲೇಮ್. ಇವತ್ತಿಗೂ ನಮ್ಮ ಕಡೆ ಯಾವ ಕಂಪನಿಯ ಆರೋಗ್ಯ ವಿಮೆಗೂ 'ಮೆಡಿಕ್ಲೇಮ್' ಅಂತಲೇ ಹೇಳುತ್ತಾರಲ್ಲ, ಆ ಹೆಸರು ಅಲ್ಲಿಂದ ಬಂದದ್ದು. ಮೊದಲು ಕೈಯಿಂದ ಕಟ್ಟಬೇಕು, ಆಮೇಲೆ ಬಿಲ್ಲು ಕೊಟ್ಟು ವಸೂಲಿ ಮಾಡಿಕೊಳ್ಳಬೇಕು.

ಆ ಪಾಲಿಸಿಯ 'ಇವಕ್ಕೆ ಹಣ ಕೊಡುವುದಿಲ್ಲ' ಎನ್ನುವ ಪಟ್ಟಿಯಲ್ಲಿ ಮೊದಲೇ ಇದ್ದ ಕಾಯಿಲೆ ಕೂತಿತ್ತು. ಮೊದಲ ಸಲ ಪಾಲಿಸಿ ತೆಗೆದುಕೊಂಡ ದಿನ ಮೈಯಲ್ಲಿ ಯಾವ ಕಾಯಿಲೆ ಇತ್ತೋ ಅದಕ್ಕೆ ಹಣ ಇಲ್ಲ. ಎಷ್ಟು ವರ್ಷ ಇಲ್ಲ? ಅವಧಿಯೇ ಇಲ್ಲ, ಜೀವಮಾನ ಪೂರ್ತಿ ಇಲ್ಲ. ಹತ್ತು ವರ್ಷ ಪ್ರೀಮಿಯಂ ಕಟ್ಟಿದರೂ ಇಲ್ಲ. ನಿಮಗೆ ಗೊತ್ತೇ ಇಲ್ಲದಿದ್ದ ಕಾಯಿಲೆಯಾದರೂ ತಗಾದೆ ತಪ್ಪಿದ್ದಲ್ಲ.

ವಿಚಿತ್ರ ನೋಡಿ, ಗ್ರಾಹಕ ರಕ್ಷಣಾ ಕಾಯ್ದೆ ಬಂದದ್ದೂ ಅದೇ 1986ರಲ್ಲಿ. ಕಾಯಿಲೆ, ಮದ್ದು ಎರಡೂ ಒಂದೇ ವರ್ಷ ಹುಟ್ಟಿದ ಹಾಗೆ :) ಮುಂದೆ ಗ್ರಾಹಕ ನ್ಯಾಯಾಲಯಗಳಿಗೆ ವಿಮಾ ಕಂಪನಿಗಳ ಮೇಲಿನ ದೂರುಗಳು ಸಾಲುಗಟ್ಟಿ ಬಂದವು.

ಕಂಪನಿಗಳ ಕಡೆಯ ನ್ಯಾಯವನ್ನೂ ಹೇಳಬೇಕು, ಇಲ್ಲದಿದ್ದರೆ ನಾನೂ ಅರ್ಧ ಸತ್ಯ ಹೇಳಿದಂತಾಗುತ್ತದೆ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವವರು ಎಲ್ಲ ಕಾಲದಲ್ಲೂ ಇದ್ದಾರೆ. ಆಪರೇಷನ್ ಆಗಬೇಕು ಅಂತ ಡಾಕ್ಟರು ಹೇಳಿದ ಮಾರನೇ ದಿನ ಪಾಲಿಸಿ ತೆಗೆದುಕೊಂಡರೆ ಅದು ವಿಮೆಯಲ್ಲ, ಪಕ್ಕದವರ ಜೇಬಿಗೆ ಕೈ ಹಾಕಿದ ಹಾಗೆ. ಕಾಯಿಲೆಯವರೇ ಹೆಚ್ಚು ಬಂದರೆ ಪ್ರೀಮಿಯಂ ಏರುತ್ತದೆ, ಏರಿದರೆ ಆರೋಗ್ಯವಂತರು ಬಿಟ್ಟು ಹೋಗುತ್ತಾರೆ, ಆಗ ಇನ್ನೂ ಏರುತ್ತದೆ. ಜಾರ್ಜ್ ಅಕೆರ್ಲಾಫ್ ಎಂಬ ಅರ್ಥಶಾಸ್ತ್ರಜ್ಞ 1970ರಲ್ಲಿ ಹಳೇ ಕಾರುಗಳ ಮಾರುಕಟ್ಟೆಯ ಬಗ್ಗೆ ಬರೆದ ಪ್ರಸಿದ್ಧ ಲೇಖನದಲ್ಲಿ ಅರವತ್ತೈದು ದಾಟಿದವರಿಗೆ ಆರೋಗ್ಯ ವಿಮೆ ಸಿಗದಿರುವುದನ್ನೂ ಉದಾಹರಣೆಯಾಗಿ ಕೊಟ್ಟಿದ್ದಾನೆ. 2001ರಲ್ಲಿ ಆತನಿಗೆ ನೊಬೆಲ್ ಬಂತು. ಹಾಗಾಗಿ ಒಂದಿಷ್ಟು ಕಾಲ ಕಾಯಿಸುವುದು ತಪ್ಪಲ್ಲ. ತಪ್ಪು ಇರುವುದು ಅದಕ್ಕೆ ಕೊನೆಯೇ ಇಲ್ಲದಿರುವುದರಲ್ಲಿ, ಮತ್ತು ಸೇರಿಸಿಕೊಳ್ಳುವಾಗ ಏನನ್ನೂ ಕೇಳದೆ ಹಣ ಕೊಡುವಾಗ ಎಲ್ಲವನ್ನೂ ಕೆದಕುವುದರಲ್ಲಿ.

1999ರಲ್ಲಿ ಐಆರ್‌ಡಿಎ ಕಾಯ್ದೆ ಬಂತು, ಮರುವರ್ಷದಿಂದ ಖಾಸಗಿ ಕಂಪನಿಗಳು ಬಂದವು. 2001ರಲ್ಲಿ ಟಿಪಿಎಗಳಿಗೆ ನಿಯಮಗಳಾದವು. ಅಂದರೆ ಕಂಪನಿಗೂ ಆಸ್ಪತ್ರೆಗೂ ನಡುವೆ ನಿಂತು ಕ್ಲೇಮು ನೋಡುವ ಮಧ್ಯವರ್ತಿ ಸಂಸ್ಥೆಗಳು. ಇಂಥ ಕೆಲವು ದೊಡ್ಡ ಸಂಸ್ಥೆಗಳು ಬೆಳೆದದ್ದು ನಮ್ಮ ಬೆಂಗಳೂರಿನಲ್ಲೇ. ಕ್ಯಾಶ್‌ಲೆಸ್ ಕಾರ್ಡು ಬಂದದ್ದು ಹೀಗೆ. ಕಾರ್ಡು ತೋರಿಸಿದರೆ ಆಯಿತು ಎಂದು ಜನ ನಂಬಿದರು. 2010ರ ಜುಲೈನಲ್ಲಿ ಸರ್ಕಾರಿ ವಿಮಾ ಕಂಪನಿಗಳು ದೆಹಲಿ, ಮುಂಬೈ, ಚೆನ್ನೈ, ಬೆಂಗಳೂರುಗಳ ಅನೇಕ ದೊಡ್ಡ ಆಸ್ಪತ್ರೆಗಳಲ್ಲಿ ಕ್ಯಾಶ್‌ಲೆಸ್ ನಿಲ್ಲಿಸಿದಾಗ ಅದು ಎಷ್ಟು ತೆಳುವಾದ ನಂಬಿಕೆ ಎಂದು ಗೊತ್ತಾಯಿತು. ಆಸ್ಪತ್ರೆಗಳು ವಿಪರೀತ ಬಿಲ್ಲು ಮಾಡುತ್ತವೆ ಎಂದು ಕಂಪನಿಗಳು, ಕಂಪನಿಗಳು ಕೊಡುವ ದರ ಸಾಲದು ಎಂದು ಆಸ್ಪತ್ರೆಗಳು. ನಡುವೆ ನಿಂತವರು ರೋಗಿಗಳು.

2001ರಲ್ಲೇ ಸುಪ್ರೀಂ ಕೋರ್ಟು ಬಿಮನ್ ಕೃಷ್ಣ ಬೋಸ್ ಎಂಬವರ ಪ್ರಕರಣದಲ್ಲಿ ಒಂದು ಮುಖ್ಯವಾದ ಮಾತು ಹೇಳಿತು. ಹಿಂದೆ ಕ್ಲೇಮಿನ ವಿಷಯದಲ್ಲಿ ಜಗಳವಾಡಿದರು ಎನ್ನುವ ಕಾರಣಕ್ಕೆ ಸರ್ಕಾರಿ ಕಂಪನಿ ಪಾಲಿಸಿ ನವೀಕರಿಸದೆ ಇರುವಂತಿಲ್ಲ. ನವೀಕರಿಸುವುದಾದರೆ ಅವಧಿ ಮುಗಿದ ದಿನದಿಂದಲೇ ಆಗಬೇಕು, ಹೊಸ ಪಾಲಿಸಿ ಎಂದು ಕೊಡಬಾರದು. ಯಾಕೆ ಇದು ಮುಖ್ಯ? ಹೊಸದು ಎಂದು ಕೊಟ್ಟರೆ ನಡುವೆ ಬಂದ ಕಾಯಿಲೆಗಳೆಲ್ಲ 'ಮೊದಲೇ ಇದ್ದ' ಕಾಯಿಲೆಗಳಾಗಿಬಿಡುತ್ತವಲ್ಲ!

ಪೇಟೆಯಲ್ಲಿ ಈ ಜಗ್ಗಾಟ ನಡೆಯುತ್ತಿದ್ದಾಗ ನಮ್ಮ ಹಳ್ಳಿಗಳಲ್ಲಿ ಬೇರೆಯೇ ಒಂದು ಕೆಲಸ ಆಯಿತು. ಡಾ. ದೇವಿ ಶೆಟ್ಟಿಯವರ ಕಲ್ಪನೆ, ಕರ್ನಾಟಕ ಸರ್ಕಾರದ ಸಹಕಾರ ಇಲಾಖೆಯ ಬೆಂಬಲದಿಂದ ಸಹಕಾರ ಸಂಘಗಳ ರೈತರಿಗಾಗಿ ಬಂದ ಯಶಸ್ವಿನಿ ಯೋಜನೆ 2003ರ ಜೂನ್ 1ರಿಂದ ಜಾರಿಯಾಯಿತು. ವರ್ಷಕ್ಕೆ 60 ರೂಪಾಯಿ, ಅಂದರೆ ತಿಂಗಳಿಗೆ 5 ರೂಪಾಯಿ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಬರೀ ಶಸ್ತ್ರಚಿಕಿತ್ಸೆಗಳಿಗೆ ಮಾತ್ರ, ಅದಕ್ಕೂ ಮಿತಿ ಇತ್ತು, ನಿಜ. ಆದರೆ ಮೊದಲೇ ಇದ್ದ ಕಾಯಿಲೆ ಎಂದು ಯಾರನ್ನೂ ವಾಪಸ್ ಕಳಿಸುವಂತಿರಲಿಲ್ಲ. ಹಾಲಿನ ಸೊಸೈಟಿಗೆ ಹಾಲು ಹಾಕುವ ಹೆಂಗಸಿಗೆ ಸಿಕ್ಕ ಈ ಸವಲತ್ತು ಪದ್ಮನಾಭನಗರದಲ್ಲಿ ಸಾವಿರಗಟ್ಟಲೆ ಪ್ರೀಮಿಯಂ ಕಟ್ಟುವವರಿಗೆ ಸಿಗುತ್ತಿರಲಿಲ್ಲ!

ಇದರ ಗುಟ್ಟು ಇಎಸ್‌ಐ ಗುಟ್ಟೇ. ಕಾಯಿಲೆ ಬಂದ ಮೇಲೆ ಒಬ್ಬೊಬ್ಬರೇ ಬಂದು ಸೇರುವುದಲ್ಲ, ಸಂಘಕ್ಕೆ ಸಂಘವೇ ಸೇರುವುದು. 2018ರಲ್ಲಿ ಯಶಸ್ವಿನಿಯನ್ನು ಆರೋಗ್ಯ ಕರ್ನಾಟಕದಲ್ಲಿ ಸೇರಿಸಿ ನಿಲ್ಲಿಸಿದರು. ಆಮೇಲೆ ಬೇಡಿಕೆ ಬಂದು 2022ರ ಕೊನೆಗೆ ಮತ್ತೆ ನೋಂದಣಿ ಶುರುಮಾಡಿ 2023ರ ಜನವರಿಯಿಂದ ಜಾರಿಗೆ ತಂದರು. ಅಮೆರಿಕದಲ್ಲಿರುವ ನಮ್ಮವರಿಗೂ ಇದೇ ಪಾಠ. ಒಬಾಮಾ ಕಾಲದ 2010ರ ಕಾನೂನು, 2014ರ ಜನವರಿಯಿಂದ ಮೊದಲೇ ಇದ್ದ ಕಾಯಿಲೆಯ ನೆಪದಲ್ಲಿ ವಿಮೆ ನಿರಾಕರಿಸುವುದನ್ನು ಅಲ್ಲಿ ನಿಲ್ಲಿಸಿತು. ಆದರೆ ಅದರ ಜೊತೆಗೇ ಎಲ್ಲರೂ ವಿಮೆ ಮಾಡಿಸಲೇಬೇಕು, ಇಲ್ಲದಿದ್ದರೆ ದಂಡ ಎಂದೂ ಹೇಳಿತ್ತು. ಆ ದಂಡವನ್ನು 2019ರಿಂದ ಸೊನ್ನೆ ಮಾಡಿದರು.

ನಮ್ಮಲ್ಲಿ ಹಗ್ಗ ಸಡಿಲವಾದದ್ದು ಬಹಳ ನಿಧಾನಕ್ಕೆ. 2008ರಲ್ಲಿ ವಿಮಾ ಕಂಪನಿಗಳ ಒಕ್ಕೂಟವಾದ ಜನರಲ್ ಇನ್ಶೂರೆನ್ಸ್ ಕೌನ್ಸಿಲ್ 'ಮೊದಲೇ ಇದ್ದ ಕಾಯಿಲೆ'ಗೆ ಎಲ್ಲ ಕಂಪನಿಗಳಿಗೂ ಒಂದೇ ವ್ಯಾಖ್ಯೆ ತಂದಿತು. ಪಾಲಿಸಿಗೆ ಹಿಂದಿನ 48 ತಿಂಗಳಲ್ಲಿ ಲಕ್ಷಣ ಕಂಡಿದ್ದರೆ, ಪತ್ತೆಯಾಗಿದ್ದರೆ, ಚಿಕಿತ್ಸೆ ಪಡೆದಿದ್ದರೆ ಅದು ಮೊದಲೇ ಇದ್ದದ್ದು. ನಾಲ್ಕು ವರ್ಷ ಕಾದರೆ ಅದಕ್ಕೂ ಹಣ ಸಿಗಬೇಕು. ಜೀವಮಾನದ ಶಿಕ್ಷೆ ನಾಲ್ಕು ವರ್ಷಕ್ಕೆ ಇಳಿದ ಹಾಗೆ.

ಆದರೆ ಮುಚ್ಚಿಟ್ಟರೆ? 2009ರಲ್ಲಿ ಸತ್ವಂತ್ ಕೌರ್ ಸಂಧು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಂಪನಿಯ ಪರ ನಿಂತಿತು. 1990ರಲ್ಲಿ ಪಾಲಿಸಿ ತೆಗೆದುಕೊಂಡ ಅವರ ಪತಿ, ತಮಗೆ ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವುದನ್ನು ಫಾರಂನಲ್ಲಿ ಹೇಳಿರಲಿಲ್ಲ. ಅದೇ ವರ್ಷ ತೀರಿಕೊಂಡರು. ಗೊತ್ತಿದ್ದ ಸಂಗತಿಯನ್ನು ಹೇಳಬೇಕಾದದ್ದು ಪಾಲಿಸಿ ಕೇಳುವವನ ಕರ್ತವ್ಯ, ಅದು ಮುಖ್ಯವೋ ಅಲ್ಲವೋ ಎಂದು ಅವನೇ ತೀರ್ಮಾನಿಸುವಂತಿಲ್ಲ ಎಂದಿತು ಕೋರ್ಟು. ಮ್ಯಾನ್ಸ್‌ಫೀಲ್ಡನ ಮೊದಲ ಅರ್ಧ!

ಎರಡನೇ ಅರ್ಧ ನೆನಪಾಗಲು ಇನ್ನೂ ಹನ್ನೆರಡು ವರ್ಷ ಬೇಕಾಯಿತು. ಮನಮೋಹನ್ ನಂದಾ ಎಂಬವರು 2009ರಲ್ಲಿ ಮದುವೆಗೆಂದು ಅಮೆರಿಕಕ್ಕೆ ಹೊರಟಾಗ ಪ್ರವಾಸದ ವಿಮೆ ಮಾಡಿಸಿದ್ದರು. ಸಕ್ಕರೆ ಕಾಯಿಲೆ ಇದೆ ಅಂತ ಹೇಳಿಯೂ ಇದ್ದರು. ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಲ್ಲಿ ಇಳಿದಾಗಲೇ ಹೃದಯಾಘಾತವಾಯಿತು. ಕೊಲೆಸ್ಟರಾಲ್ ಮಾತ್ರೆಯ ವಿಷಯ ಹೇಳಿಲ್ಲ ಎಂದು ಕಂಪನಿ ಹಣ ನಿರಾಕರಿಸಿತು. 2021ರ ಡಿಸೆಂಬರ್ 6ರಂದು ಸುಪ್ರೀಂ ಕೋರ್ಟು ನಂದಾ ಪರವಾಗಿ ತೀರ್ಪು ಕೊಟ್ಟಿತು. ಆರೋಗ್ಯದ ಸ್ಥಿತಿ ತಿಳಿದು, ಅಳೆದು ತೂಗಿ ಪಾಲಿಸಿ ಕೊಟ್ಟ ಮೇಲೆ, ಹೇಳಿಕೊಂಡ ಅದೇ ಸ್ಥಿತಿಯಿಂದ ತೊಂದರೆ ಬಂದಾಗ ಕಂಪನಿ ಹಿಂದೆ ಸರಿಯುವಂತಿಲ್ಲ. ಆ ತೀರ್ಪು ಬರೆದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ.

ನಿಯಮಗಳೂ ಬದಲಾಗುತ್ತಿದ್ದವು. 2011ರ ಅಕ್ಟೋಬರ್‌ನಿಂದ ಕಾದ ವರ್ಷಗಳನ್ನು ಕಳೆದುಕೊಳ್ಳದೆ ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋಗಬಹುದಾಯಿತು. 2013ರ ನಿಯಮಗಳು ಬದುಕಿರುವವರೆಗೂ ನವೀಕರಣ ಎಂದವು. 2019ರಲ್ಲಿ 'ಮೊರಟೋರಿಯಂ' ಎಂಬ ಹೊಸ ಮಾತು ಬಂತು. ಎಂಟು ವರ್ಷ ಸತತವಾಗಿ ಪ್ರೀಮಿಯಂ ಕಟ್ಟಿದ ಮೇಲೆ, ಮೋಸವನ್ನು ಸಾಬೀತು ಮಾಡಿದರೆ ಹೊರತು, ನೀನು ಅದನ್ನು ಹೇಳಲಿಲ್ಲ ಇದನ್ನು ಹೇಳಲಿಲ್ಲ ಎಂದು ಕ್ಲೇಮು ತಿರಸ್ಕರಿಸುವ ಹಾಗಿಲ್ಲ. 2024ರ ಏಪ್ರಿಲ್ 1ರಿಂದ ಈ ಎಂಟು ವರ್ಷ ಐದು ವರ್ಷಕ್ಕೆ, ಅಂದರೆ 60 ತಿಂಗಳಿಗೆ ಇಳಿಯಿತು. ಮೊದಲೇ ಇದ್ದ ಕಾಯಿಲೆಗೆ ಕಾಯುವ ಕಾಲ ಗರಿಷ್ಠ 36 ತಿಂಗಳಾಯಿತು.

ಈಗ ಮೇಷ್ಟ್ರ ಲೆಕ್ಕಕ್ಕೆ ಬನ್ನಿ. 2019ರಿಂದ 2025. ಬೆರಳು ಮಡಿಸಿ ಎಣಿಸಿದರೂ ಅರವತ್ತು ತಿಂಗಳು ದಾಟಿತ್ತು! ನಿರಾಕರಣೆಯ ಕಾಗದದಲ್ಲಿ ಮೋಸ ಎಂಬ ಪದವೇ ಇರಲಿಲ್ಲ, 'ತಿಳಿಸಿಲ್ಲ' ಎಂದಷ್ಟೇ ಇತ್ತು. ಇದನ್ನೇ ಬರೆದು ಮೊದಲು ಕಂಪನಿಯ ದೂರು ವಿಭಾಗಕ್ಕೆ ಕಾಗದ ಹಾಕಿದೆವು. ತಿಂಗಳಾದರೂ ಉತ್ತರ ಇಲ್ಲ.

ಆಮೇಲೆ ಮಾಡಿದ್ದೇ ಮುಖ್ಯವಾದ ಕೆಲಸ, ಮತ್ತು ನಮ್ಮ ಕಡೆಯ ಎಷ್ಟೋ ಜನಕ್ಕೆ ಗೊತ್ತೇ ಇಲ್ಲದ್ದು. ಕರ್ನಾಟಕಕ್ಕೆಲ್ಲ ಸೇರಿದ ವಿಮಾ ಒಂಬುಡ್ಸ್‌ಮನ್ ಕಚೇರಿ ಇರುವುದು ಜೆ.ಪಿ. ನಗರ ಒಂದನೇ ಹಂತದ 24ನೇ ಮುಖ್ಯರಸ್ತೆಯ ಜೀವನ್ ಸೌಧದಲ್ಲಿ. ಪದ್ಮನಾಭನಗರದಿಂದ ಆಟೋದಲ್ಲಿ ಹೋಗಿಬರುವಷ್ಟು ಹತ್ತಿರ. 1998ರ ನಿಯಮಗಳಿಂದ ಹುಟ್ಟಿ, 2017ರಲ್ಲಿ ಹೊಸ ನಿಯಮ ಪಡೆದ ವ್ಯವಸ್ಥೆ ಇದು. ಶುಲ್ಕ ಇಲ್ಲ, ವಕೀಲರು ಬೇಡ. ಮೊದಲು ಕಂಪನಿಗೆ ದೂರು ಕೊಟ್ಟಿರಬೇಕು, ಒಂದು ತಿಂಗಳು ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ ಇಲ್ಲಿಗೆ ಬರಬೇಕು. 2023ರ ತಿದ್ದುಪಡಿಯ ನಂತರ 50 ಲಕ್ಷ ರೂಪಾಯಿಯವರೆಗೆ ಪರಿಹಾರ ಕೊಡಿಸುವ ಅಧಿಕಾರ ಇದೆ. ಕೋಟೆ ಕಳೆದುಕೊಂಡ ಕಾರ್ಟರನಿಗೆ ಲಂಡನ್ನಿನ ಕೋರ್ಟು ಬೇಕಾಯಿತು, ನಮಗೆ ಬನಶಂಕರಿ ದೇವಸ್ಥಾನ ದಾಟಿದರೆ ಸಾಕು.

ಮೇಷ್ಟ್ರು ನೀಟಾಗಿ ಫೈಲು ಮಾಡಿದರು. ಪಾಲಿಸಿಯ ಎಲ್ಲ ವರ್ಷದ ಪ್ರತಿಗಳು, ಡಿಸ್ಚಾರ್ಜ್ ಸಮ್ಮರಿ, ನಿರಾಕರಣೆಯ ಕಾಗದ, ಅರವತ್ತು ತಿಂಗಳ ನಿಯಮ. ಏಜೆಂಟನ ವಿಷಯವನ್ನೂ ಇದ್ದ ಹಾಗೇ ಬರೆದರು. "ಇದು ಬೇಡ ಸಾರ್, ನಮಗೇ ತಿರುಗಿಬಿಡತ್ತೆ" ಅಂದೆ. "ಒಂದು ಸಲ ಹೇಳದೆ ಇದ್ದದ್ದಕ್ಕೇ ಅಲ್ವೇನಯ್ಯಾ ಇಷ್ಟೆಲ್ಲ ಆದದ್ದು" ಅಂದರು. ನಾನು ಸುಮ್ಮನಾದೆ.

ವಿಚಾರಣೆಯ ದಿನ ಬರುವ ಮೊದಲೇ ಕಂಪನಿಯಿಂದ ಫೋನು ಬಂತು, ಮರುಪರಿಶೀಲನೆ ಮಾಡಿದ್ದೇವೆ ಎಂದು. ಕೈಗವಸು, ಹತ್ತಿ, ಅದು ಇದು ಅಂತ ಒಂದಿಷ್ಟು ಕಳೆದು ಮಿಕ್ಕ ಹಣ ಬ್ಯಾಂಕಿಗೆ ಬಂತು.

ಇದನ್ನು ಓದಿ 'ಓಹೋ, ಐದು ವರ್ಷ ಮುಚ್ಚಿಟ್ಟುಕೊಂಡರೆ ಆಯಿತು' ಅಂದುಕೊಳ್ಳಬೇಡಿ ದಯವಿಟ್ಟು. ಮೇಷ್ಟ್ರಿಗೆ ನಾಲ್ಕನೇ ವರ್ಷ ಎದೆ ನೋವು ಬಂದಿದ್ದರೆ ಕೈಗೆ ಚಿಪ್ಪೇ ಗತಿಯಾಗುತ್ತಿತ್ತು. ಅದೇ ಅವತ್ತು 'ಶುಗರ್ ಇದೆ' ಎಂದು ಬರೆಸಿ, ಪಾಲಿಸಿಯಲ್ಲಿ ಹೇಳಿದ ಕಾಯುವ ಕಾಲ ಕಳೆದಿದ್ದರೆ ಈ ತಲೆನೋವೇ ಇರುತ್ತಿರಲಿಲ್ಲ. ಪಾಲಿಸಿ ಮಾಡಿಸುವಾಗ ಫಾರಂ ನೀವೇ ತುಂಬಿ, ಒಂದು ಪ್ರತಿ ಇಟ್ಟುಕೊಳ್ಳಿ. ಮನೆಯಲ್ಲಿ ಯಾರಿಗೆ ಯಾವ ಕಾಯಿಲೆ ಯಾವ ವರ್ಷದಿಂದ ಇದೆ ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಅಡ್ಮಿಟ್ ಮಾಡುವ ಗಾಬರಿಯಲ್ಲಿ ಬಾಯಿಗೆ ಬಂದ ವರ್ಷವೇ ಕೇಸ್ ಶೀಟಿನಲ್ಲಿ ಶಾಸನವಾಗುತ್ತದೆ.

ಹಣ ಬಂದ ಸಂಜೆ ಮೇಷ್ಟ್ರ ಮನೆಯಲ್ಲಿ ಕಾಫಿ ಆಯಿತು. ಅವರದ್ದು ಸಕ್ಕರೆ ಇಲ್ಲದ್ದು. "ಸರಿ ಹೋಯ್ತಲ್ಲ ಸಾರ್" ಅಂದೆ. ಫೈಲಿನೊಳಗಿಂದ ಆ ಮೂರು ಸಾಲಿನ ಕಾಗದ ತೆಗೆದು ನೋಡಿದರು. "ದುಡ್ಡು ವಾಪಸ್ ಬಂತು ಕಣಯ್ಯಾ. ಇದನ್ನು ಮಾತ್ರ ಯಾರೂ ವಾಪಸ್ ತಗೊಳ್ಳಲಿಲ್ಲ ನೋಡು" ಅಂದರು. ಸ್ವಲ್ಪ ತಡೆದು, "ರುಜು ನಂದೇ ಅಲ್ವ, ಬಿಡು" ಅಂತ ಫೈಲು ಮುಚ್ಚಿದರು.